ಎನ್‌ಕೋಡರ್ ಸರಿ ಇದೆ, ಆದರೂ ರೇಡಾರ್ ಯಾಕೆ ತಪ್ಪು ದಿಕ್ಕು ಹೇಳುತ್ತದೆ?

ಪ್ರಶ್ನೆ: ನಾನು 10 ಮೀಟರ್ ವ್ಯಾಸದ ಡಿಶ್ ಇರುವ ಒಂದು ಟ್ರ್ಯಾಕಿಂಗ್ ರೇಡಾರ್‌ನ ನಿರ್ವಹಣಾ ತಂಡದಲ್ಲಿದ್ದೇನೆ. ಸಿ ಬ್ಯಾಂಡ್, 5.6 ಗಿಗಾಹರ್ಟ್ಸ್, ಮೊನೊಪಲ್ಸ್ (ಒಂದೊಂದು ಪಲ್ಸ್‌ನಿಂದಲೇ ಗುರಿಯ ದಿಕ್ಕು ತಿಳಿಯುವ ವಿಧಾನ). ಫೀಡ್ (ಡಿಶ್‌ಗೆ ಸಂಕೇತ ಕೊಟ್ಟು ಪಡೆಯುವ ಭಾಗ) ಡಿಶ್‌ನ ಮುಂದೆ ನಾಲ್ಕು ಉಕ್ಕಿನ ಕಾಲುಗಳ ಮೇಲೆ ನಿಂತಿದೆ, ರೇಡೋಮ್ (ಆಂಟೆನಾ ಮುಚ್ಚುವ ಗುಮ್ಮಟ) ಇಲ್ಲ. ಕಕ್ಷೆ ಚೆನ್ನಾಗಿ ಗೊತ್ತಿರುವ ಉಪಗ್ರಹಗಳನ್ನು ಹಿಂಬಾಲಿಸಿ ನೋಡಿದಾಗ ಬೆಳಗಿನ ಜಾವ ಎಲಿವೇಷನ್ (ದಿಗಂತದಿಂದ ಮೇಲಿನ ಕೋನ) ದೋಷ 0.005 ಡಿಗ್ರಿ ಒಳಗಿರುತ್ತದೆ. ಬಿಸಿಲೇರಿದ ಮೇಲೆ 0.02 ಡಿಗ್ರಿವರೆಗೆ ಹೋಗಿ, ಸಂಜೆ ತಾನಾಗಿಯೇ ಇಳಿಯುತ್ತದೆ. ಜೊತೆಗೆ ಅಜಿಮತ್ (ಅಡ್ಡಡ್ಡ ತಿರುಗುವ ಕೋನ) ಒಂದು ಸುತ್ತು ಬರುವಷ್ಟರಲ್ಲಿ ಎಲಿವೇಷನ್ ದೋಷ ಒಮ್ಮೆ ಏರಿ ಒಮ್ಮೆ ಇಳಿಯುವುದೂ ಕಾಣುತ್ತದೆ. ಶಾಫ್ಟ್ ತಿರುಗಿದ ಕೋನ ಓದುವ ಎನ್‌ಕೋಡರ್ 22 ಬಿಟ್‌ನದು. ಡಿಶ್ ತಿರುಗಿಸುವ ಸರ್ವೋ ವ್ಯವಸ್ಥೆಯವರು ತಮ್ಮ ಕಡೆ ಏನೂ ತಪ್ಪಿಲ್ಲ ಎನ್ನುತ್ತಾರೆ. ಡಿಶ್ ಹಾಕಿ ಹದಿನೈದು ವರ್ಷವಾಗಿದೆ. ಅಂದು ಅಳೆದಾಗ ಮೇಲ್ಮೈ ದೋಷ 1 ಮಿಮೀ ಇತ್ತು. ಈಗ ಆಕಾರ ಕೆಟ್ಟಿರಬೇಕು, ಇಡೀ ಮೇಲ್ಮೈಯನ್ನು ಲೇಸರ್‌ನಿಂದ ಅಳೆದು ಪ್ಯಾನೆಲ್‌ಗಳನ್ನು ಮತ್ತೆ ಹೊಂದಿಸೋಣ ಎಂದು ಮೇಲಿನವರು ಹೆಚ್ಚುಕಡಿಮೆ ತೀರ್ಮಾನಿಸಿಬಿಟ್ಟಿದ್ದಾರೆ. ಇದು ಸರಿಯೇ? ಆಟೋಟ್ರ್ಯಾಕ್‌ನಲ್ಲಿ, ಅಂದರೆ ರೇಡಾರ್ ತಾನಾಗಿ ಗುರಿಯನ್ನು ಹಿಂಬಾಲಿಸುವಾಗ, ಗುರಿ ಒಮ್ಮೆಯೂ ಕೈತಪ್ಪಿಲ್ಲ. ಹಾಗಿದ್ದ ಮೇಲೆ ಡಿಶ್ ಸೊಟ್ಟಗಾದರೂ ದೋಷ ಎಲ್ಲಿಂದ ಬರುತ್ತದೆ ಎಂಬುದೇ ನನಗೆ ತಿಳಿಯುತ್ತಿಲ್ಲ.

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಅದು ಬಿಡಿಸಿಕೊಂಡರೆ ಉಳಿದದ್ದು ಅರ್ಧ ಬಗೆಹರಿದ ಹಾಗೆ.

ಆಟೋಟ್ರ್ಯಾಕ್‌ನಲ್ಲಿ ಮೊನೊಪಲ್ಸ್ ರಿಸೀವರ್ ನೋಡುವುದು ಒಂದನ್ನೇ: ಬೀಮ್‌ನ (ರೇಡಾರ್‌ನ ರೇಡಿಯೊ ಕಿರಣದ) ನಡುಭಾಗ ಗುರಿಯ ಮೇಲೆ ಕೂತಿದೆಯೋ ಇಲ್ಲವೋ. ಕೂತಿಲ್ಲದಿದ್ದರೆ ಸರ್ವೋ ಡಿಶ್ಶನ್ನು ತಿರುಗಿಸಿ ಕೂರಿಸುತ್ತದೆ. ಫೀಡ್ ಪಕ್ಕಕ್ಕೆ ಸರಿದಿರಲಿ, ಡಿಶ್ ಹೊತ್ತಿರುವ ಪೆಡೆಸ್ಟಲ್ ವಾಲಿರಲಿ, ಡಿಶ್ ಜೋತುಬಿದ್ದಿರಲಿ, ಅದಕ್ಕೆ ಗೊತ್ತೂ ಆಗುವುದಿಲ್ಲ, ಅದಕ್ಕೆ ಬೇಕಾಗಿಯೂ ಇಲ್ಲ. ಆದರೆ ನೀವು ಫೈಲಿಗೆ ಬರೆದುಕೊಳ್ಳುವ ಕೋನ ಬೀಮ್‌ನಿಂದ ಬಂದದ್ದಲ್ಲ, ಎಲಿವೇಷನ್ ಶಾಫ್ಟ್‌ಗೆ ಕಟ್ಟಿರುವ ಎನ್‌ಕೋಡರ್‌ನಿಂದ ಬಂದದ್ದು. ಆ ಶಾಫ್ಟ್‌ಗೂ ಬೀಮ್‌ಗೂ ನಡುವೆ ಡಿಶ್‌ನ ಗುಂಬ (ನಡುವಿನ ಗಟ್ಟಿ ಭಾಗ), ಹಿಂದಿನ ಆಸರೆ ಚೌಕಟ್ಟು, ಪ್ಯಾನೆಲ್, ನಾಲ್ಕು ಕಾಲು, ಫೀಡ್ ಎಲ್ಲವೂ ಇವೆ. ಶಾಫ್ಟ್‌ನ ಕೆಳಗೆ ಪೆಡೆಸ್ಟಲ್ ಮತ್ತು ಅಡಿಪಾಯ. ಇವುಗಳಲ್ಲಿ ಯಾವುದು ಬಾಗಿದರೂ ಬೀಮ್ ಗುರಿಯ ಮೇಲೆಯೇ ಇರುತ್ತದೆ. ಅಲ್ಲಿಗೆ ಹೋಗಲು ಶಾಫ್ಟ್ ತಿರುಗಬೇಕಾದ ಕೋನ ಮಾತ್ರ ಬೇರೆಯಾಗುತ್ತದೆ. ಗುರಿ ತಪ್ಪುವುದಿಲ್ಲ, ಲೆಕ್ಕ ತಪ್ಪುತ್ತದೆ. 0.02 ಡಿಗ್ರಿ ಎಂದರೆ 1,000 ಕಿಮೀ ದೂರದಲ್ಲಿ ಸುಮಾರು 350 ಮೀಟರ್. ಪರದೆಯ ಮೇಲೆ ಟ್ರ್ಯಾಕ್ ಚೆಂದವಾಗಿ ಲಾಕ್ ಆಗಿ ಕೂತಿರುವಾಗಲೇ ಇಷ್ಟು ತಪ್ಪು ಆಗುತ್ತಿರುತ್ತದೆ. ಹಾಗಾಗಿಯೇ ಇದು ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ.

ಎನ್‌ಕೋಡರ್ ಬದಲಿಸುವ ಮಾತು ಇನ್ನೂ ಬಂದಿಲ್ಲವಾದರೆ ಸದ್ಯದಲ್ಲೇ ಬರುತ್ತದೆ, ಹಾಗಾಗಿ ಹೇಳಿಬಿಡುತ್ತೇನೆ. 22 ಬಿಟ್ ಎನ್‌ಕೋಡರ್‌ನ ಒಂದು ಹೆಜ್ಜೆ 0.31 ಆರ್ಕ್‌ಸೆಕೆಂಡ್ (ಡಿಗ್ರಿಯ 3,600ನೇ ಒಂದು ಭಾಗ ಒಂದು ಆರ್ಕ್‌ಸೆಕೆಂಡ್). ನಿಮ್ಮ ಹಗಲಿನ ದೋಷ 72 ಆರ್ಕ್‌ಸೆಕೆಂಡ್, ಅಂದರೆ ಅದರ ಇನ್ನೂರು ಪಟ್ಟಿಗೂ ಹೆಚ್ಚು. ಇನ್ನೂ ನಾಲ್ಕು ಬಿಟ್ ಸೇರಿಸಿದರೆ ತಪ್ಪು ಉತ್ತರವನ್ನು ಇನ್ನಷ್ಟು ಅಂಕಿಗಳಲ್ಲಿ ಓದಬಹುದು, ಅಷ್ಟೇ.

ಪ್ಯಾನೆಲ್ ಹೊಂದಿಸಿದರೆ ಏನು ಸಿಗುತ್ತದೆ?

ಮೇಲಿನವರ ಯೋಚನೆಯ ಹಿಂದೆ ಬಹಳ ಜನ ನಂಬಿರುವ ಒಂದು ಮಾತಿದೆ: ಮೇಲ್ಮೈ ನಯವಾದಷ್ಟೂ ದಿಕ್ಕು ನಿಖರ. ಇದು ಅರ್ಧ ಸತ್ಯವೂ ಅಲ್ಲ. ಮೇಲ್ಮೈಯ ಏರುತಗ್ಗು ಕದಿಯುವುದು ಮುಖ್ಯವಾಗಿ ಆಂಟೆನಾದ ಗೇನ್ ಅನ್ನು, ಅಂದರೆ ಶಕ್ತಿಯನ್ನು ಒಂದೇ ಕಡೆಗೆ ಒಟ್ಟುಗೂಡಿಸುವ ಸಾಮರ್ಥ್ಯವನ್ನು. ಎಷ್ಟು ಕದಿಯುತ್ತದೆ ಎಂಬ ಲೆಕ್ಕವನ್ನು ಜಾನ್ ರೂಝ್ 1950ರ ದಶಕದಲ್ಲೇ ಹಾಕಿಕೊಟ್ಟಿದ್ದಾರೆ, ಇವತ್ತಿಗೂ ಎಲ್ಲರೂ ಬಳಸುವುದು ಅದನ್ನೇ. ದೋಷದ ಸರಾಸರಿ ತರಂಗಾಂತರದ ಮೂವತ್ತನೇ ಒಂದು ಭಾಗವಿದ್ದರೆ ಮುಕ್ಕಾಲು ಡೆಸಿಬೆಲ್ ನಷ್ಟ. ಹದಿನಾರನೇ ಒಂದು ಭಾಗವಾದರೆ 2.7 ಡೆಸಿಬೆಲ್, ಅಂದರೆ ಹತ್ತಿರ ಹತ್ತಿರ ಅರ್ಧ ಶಕ್ತಿ ಹೋಯಿತು.

ನಿಮ್ಮ ತರಂಗಾಂತರ 53.5 ಮಿಮೀ. 1 ಮಿಮೀ ದೋಷಕ್ಕೆ ನಷ್ಟ 0.24 ಡೆಸಿಬೆಲ್. ಬಹಳ ಕಷ್ಟಪಟ್ಟು ಅದನ್ನು 0.5 ಮಿಮೀಗೆ ಇಳಿಸಿದಿರಿ ಅನ್ನಿ, ನಷ್ಟ 0.06 ಡೆಸಿಬೆಲ್ ಆಗುತ್ತದೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಎಂದು ಎರಡು ಸಲ ಲೆಕ್ಕ ಹಾಕಿ, ರೇಡಾರ್ ಸಮೀಕರಣದ ನಾಲ್ಕನೇ ಘಾತಮೂಲವನ್ನೂ ಸೇರಿಸಿದರೆ ನಿಮ್ಮ ರೇಡಾರ್ ಕಾಣುವ ದೂರ ಶೇ. 2ರಷ್ಟು ಹೆಚ್ಚುತ್ತದೆ. ಎಲಿವೇಷನ್ ದೋಷ ಇದ್ದಲ್ಲೇ ಇರುತ್ತದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಮೇಲ್ಮೈ ಕೆಲಸ ಯಾರಿಗೂ ಬೇಡ ಎಂದು ಇದರ ಅರ್ಥವಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1964ರಿಂದ ಇರುವ ಹೇಸ್ಟ್ಯಾಕ್ ರೇಡಾರ್‌ನ 37 ಮೀಟರ್ ಆಂಟೆನಾವನ್ನು ಸುಮಾರು 96 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವಂತೆ ಮತ್ತೆ ಕಟ್ಟಿದಾಗ ಮೇಲ್ಮೈ ದೋಷ 0.1 ಮಿಮೀ ಮೀರಬಾರದು ಎಂದು ಗುರಿ ಇಟ್ಟುಕೊಂಡರು. ಅಲ್ಲಿನ ತರಂಗಾಂತರ 3 ಮಿಮೀ ಆಸುಪಾಸು. ಅದೇ ಮೂವತ್ತನೇ ಒಂದು ಭಾಗದ ಲೆಕ್ಕ. ಅವರಿಗೆ ಕೂದಲೆಳೆಯಷ್ಟು ಏರುತಗ್ಗೂ ದುಬಾರಿ. ನಿಮಗಲ್ಲ.

ದಿಕ್ಕನ್ನು ಕೆಡಿಸುವುದು ಯಾವುದು?

ಏರುತಗ್ಗು ಅಲ್ಲಲ್ಲಿ ಚದುರಿದ್ದರೆ ಬೀಮ್ ಮಂಕಾಗುತ್ತದೆ. ಇಡೀ ರಚನೆ ಒಂದೇ ಕಡೆಗೆ ಓರೆಯಾದರೆ ಬೀಮ್ ಸರಿಯುತ್ತದೆ. ನೀವು ಹುಡುಕಬೇಕಾದದ್ದು ಎರಡನೆಯದನ್ನು.

ಮೊದಲ ಆರೋಪಿ ಫೀಡ್. ನಿಮ್ಮ ಡಿಶ್‌ನ ನಾಭಿದೂರ ಸುಮಾರು 4 ಮೀಟರ್ ಎಂದುಕೊಳ್ಳೋಣ. ಫೀಡ್ 1 ಮಿಮೀ ಪಕ್ಕಕ್ಕೆ ಸರಿದರೆ ಬೀಮ್ ವಿರುದ್ಧ ದಿಕ್ಕಿಗೆ ಸುಮಾರು 0.2 ಮಿಲಿರೇಡಿಯನ್, ಅಂದರೆ 0.012 ಡಿಗ್ರಿ ಸರಿಯುತ್ತದೆ. ನಿಮ್ಮ ಹಗಲಿನ ದೋಷದ ಅರ್ಧಕ್ಕಿಂತ ಹೆಚ್ಚು ಒಂದೇ ಮಿಲಿಮೀಟರ್‌ನಲ್ಲಿ ಬಂದುಬಿಟ್ಟಿತು. ಉಕ್ಕು ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಮೀಟರಿಗೆ 0.012 ಮಿಮೀ ಹಿಗ್ಗುತ್ತದೆ. ನಾಲ್ಕೂವರೆ ಮೀಟರ್ ಉದ್ದದ ಮೇಲಿನ ಕಾಲಿಗೆ ಬಿಸಿಲು ಬಿದ್ದು, ಕೆಳಗಿನ ಕಾಲು ನೆರಳಲ್ಲಿದ್ದು, ಎರಡರ ನಡುವೆ 10 ಡಿಗ್ರಿ ವ್ಯತ್ಯಾಸವಾದರೆ ಮೇಲಿನದು ಅರ್ಧ ಮಿಲಿಮೀಟರ್ ಉದ್ದವಾಗಿ ಫೀಡನ್ನು ಕೆಳಗೆ ತಳ್ಳುತ್ತದೆ. ಫೀಡ್ ಕೆಳಗೆ ಹೋದರೆ ಬೀಮ್ ಮೇಲೆ ಹೋಗುತ್ತದೆ. ಅದನ್ನು ಗುರಿಗೆ ತರಲು ಸರ್ವೋ ಡಿಶ್ಶನ್ನು ಕೆಳಗಿಳಿಸುತ್ತದೆ. ಎನ್‌ಕೋಡರ್ ನಿಜಕ್ಕಿಂತ ಕಡಿಮೆ ಓದುತ್ತದೆ. ನಿಮ್ಮ ಫೈಲ್ ತೆಗೆದು ಚಿಹ್ನೆ ನೋಡಿ. ಮಧ್ಯಾಹ್ನದ ಎಲಿವೇಷನ್ ಅಂಕಿ ಕಕ್ಷೆಯ ಲೆಕ್ಕಕ್ಕಿಂತ ಕಡಿಮೆಯಿದ್ದರೆ ಕಾಲುಗಳ ಮೇಲಿನ ಅನುಮಾನ ಗಟ್ಟಿಯಾಗುತ್ತದೆ.

ಎರಡನೆಯದು ಪೆಡೆಸ್ಟಲ್. 5 ಮೀಟರ್ ಎತ್ತರ, 2 ಮೀಟರ್ ಅಗಲದ ಉಕ್ಕಿನ ಪೆಡೆಸ್ಟಲ್‌ನ ಬಿಸಿಲಿನ ಮಗ್ಗುಲು ನೆರಳಿನ ಮಗ್ಗುಲಿಗಿಂತ ಬರೀ 2 ಡಿಗ್ರಿ ಹೆಚ್ಚು ಬಿಸಿಯಾದರೆ ಅದು ಸೂರ್ಯನಿಗೆ ಬೆನ್ನು ತಿರುಗಿಸಿದಂತೆ 12 ಆರ್ಕ್‌ಸೆಕೆಂಡ್ ವಾಲುತ್ತದೆ. 5 ಡಿಗ್ರಿಯಾದರೆ 31. ತೆಳು ಗೋಡೆಯ ಉಕ್ಕಿಗೆ ಇದೇನೂ ದೊಡ್ಡ ವ್ಯತ್ಯಾಸವಲ್ಲ.

ಈ ಇಬ್ಬರು ಆರೋಪಿಗಳನ್ನು ಬೇರ್ಪಡಿಸಲು ಯಾವ ಹೊಸ ಉಪಕರಣವೂ ಬೇಡ. ಪೆಡೆಸ್ಟಲ್ ವಾಲಿದರೆ ಸೂರ್ಯನ ಕಡೆ ನೋಡುವಾಗ ಒಂದು ಚಿಹ್ನೆಯ ಎಲಿವೇಷನ್ ದೋಷ, ಬೆನ್ನು ಮಾಡಿದಾಗ ಅದರ ತದ್ವಿರುದ್ಧ. ಕಾಲುಗಳು ಹಿಗ್ಗಿದರೆ ಡಿಶ್ ಎತ್ತ ತಿರುಗಿದರೂ ದೋಷ ಅದರ ಜೊತೆಯಲ್ಲೇ ತಿರುಗುತ್ತದೆ. ಹಗಲಿನ ಟ್ರ್ಯಾಕ್‌ಗಳನ್ನು ಗಂಟೆಯ ಪ್ರಕಾರ ಜೋಡಿಸುವುದು ಬಿಟ್ಟು, ಸೂರ್ಯನ ಅಜಿಮತ್‌ನಿಂದ ಡಿಶ್ ಎಷ್ಟು ದೂರ ನೋಡುತ್ತಿತ್ತು ಎಂಬುದರ ಪ್ರಕಾರ ಜೋಡಿಸಿ ಗ್ರಾಫ್ ಹಾಕಿ. ನನ್ನ ಅನುಭವದಲ್ಲಿ ಈ ಒಂದು ಗ್ರಾಫ್ ಎಷ್ಟೋ ಸಲ ತಿಂಗಳುಗಟ್ಟಲೆಯ ವಾದವನ್ನು ಒಂದು ಮಧ್ಯಾಹ್ನದಲ್ಲಿ ಮುಗಿಸಿದೆ.

ಅಜಿಮತ್ ಸುತ್ತಿದಾಗ ಏರಿಳಿಯುತ್ತದೆ ಎಂದಿರಲ್ಲ, ಅದು ರಾತ್ರಿಯೂ ಅದೇ ದಿಕ್ಕಿನಲ್ಲಿ, ಅದೇ ಪ್ರಮಾಣದಲ್ಲಿ ಕಂಡರೆ ಬಿಸಿಲನ್ನು ಬೈಯಬೇಡಿ. ಅದು ಅಜಿಮತ್ ಅಕ್ಷವೇ ಲಂಬವಾಗಿಲ್ಲ ಎಂಬುದರ ಗುರುತು. ಹದಿನೈದು ವರ್ಷದಲ್ಲಿ ಅಡಿಪಾಯ ಒಂದು ಕಡೆ ಕೂತಿರಬಹುದು. ಕುಣಿಯಲಾರದವಳಿಗೆ ನೆಲ ಡೊಂಕು ಎನ್ನುತ್ತಾರೆ. ನಿಮ್ಮ ಡಿಶ್‌ನ ಮಟ್ಟಿಗೆ ನೆಲ ನಿಜವಾಗಿಯೂ ಡೊಂಕಾಗಿರುವ ಸಾಧ್ಯತೆ ಇದೆ.

ಇನ್ನು ಗುರುತ್ವ. ಡಿಶ್ ದಿಗಂತದ ಕಡೆ ನೋಡುವಾಗ ಫೀಡ್ ತನ್ನ ಭಾರಕ್ಕೆ ಜಗ್ಗುತ್ತದೆ, ನೆತ್ತಿಗೆ ನೋಡುವಾಗ ಜಗ್ಗುವುದಿಲ್ಲ. ಎಲಿವೇಷನ್‌ನ ಕೊಸೈನ್‌ನಂತೆ ಬದಲಾಗುತ್ತದೆ. ಡಿಶ್ ಕೂಡ ಜೊತೆಗೆ ಬಾಗುತ್ತದೆ. ಇವೆರಡೂ ಬೀಮನ್ನು ವಿರುದ್ಧ ದಿಕ್ಕಿಗೆ ಎಳೆಯುವುದರಿಂದ ಒಂದಿಷ್ಟು ವಜಾ ಆಗುತ್ತದೆ, ಹಾಗಾಗಿ ಒಂದನ್ನು ಮಾತ್ರ ಅಳೆದವರು ಮೋಸಹೋಗುತ್ತಾರೆ. ಗುರುತ್ವದ ಒಳ್ಳೆಯ ಗುಣವೆಂದರೆ ಅದು ದಿನವೂ ಒಂದೇ ಥರ. ಒಮ್ಮೆ ಅಳೆದು ಟೇಬಲ್‌ಗೆ ಹಾಕಿದರೆ ಮುಗಿಯಿತು.

ದಪ್ಪ ಕಬ್ಬಿಣ ಹಾಕಿದರೆ ಜಗ್ಗುವುದಿಲ್ಲ ಎಂದು ಯಾರಾದರೂ ಹೇಳಿದರೆ, ದಪ್ಪ ಮಾಡಿದಷ್ಟೂ ಭಾರವೂ ಏರುತ್ತದೆ ಎಂದು ನೆನಪಿಸಿ. ಈ ಹಗ್ಗಜಗ್ಗಾಟದಿಂದ ಹೊರಬರುವ ದಾರಿಯನ್ನು 1967ರಲ್ಲಿ ಸೆಬಾಸ್ಟಿಯನ್ ಫಾನ್ ಹೋರ್ನರ್ ತೋರಿಸಿದರು: ಬಾಗುವುದನ್ನು ತಡೆಯಬೇಡಿ, ಒಂದು ಪ್ಯಾರಾಬೊಲಾ ಬಾಗಿ ಇನ್ನೊಂದು ಪ್ಯಾರಾಬೊಲಾ ಆಗುವಂತೆ ಚೌಕಟ್ಟನ್ನು ವಿನ್ಯಾಸ ಮಾಡಿ, ಫೀಡನ್ನು ಹೊಸ ನಾಭಿಗೆ ಸರಿಸಿ. ಜರ್ಮನಿಯ ಎಫೆಲ್ಸ್‌ಬರ್ಗ್‌ನಲ್ಲಿ 1972ರಲ್ಲಿ ಕೆಲಸ ಆರಂಭಿಸಿದ 100 ಮೀಟರ್ ರೇಡಿಯೊ ದೂರದರ್ಶಕ ನಿಂತಿರುವುದು ಈ ತತ್ವದ ಮೇಲೆ. ಅದು ಬಾಗುತ್ತದೆ, ಆದರೆ ಲೆಕ್ಕಕ್ಕೆ ಸಿಗುವಂತೆ ಬಾಗುತ್ತದೆ.

ಗಾಳಿಯನ್ನೂ ಮರೆಯಬೇಡಿ. ಸೆಕೆಂಡಿಗೆ 10 ಮೀಟರ್ ವೇಗದ ಗಾಳಿ ನಿಮ್ಮ ಡಿಶ್‌ನ ಮುಖಕ್ಕೆ ನೇರ ಬಡಿದರೆ 600–700 ಕೆಜಿ ಭಾರದಷ್ಟು ಒತ್ತುತ್ತದೆ, ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟು. ಆದರೆ ನಿಮ್ಮ ದೋಷ ಗಡಿಯಾರ ನೋಡಿಕೊಂಡು ಬಂದುಹೋಗುತ್ತಿರುವುದರಿಂದ ಗಾಳಿ ಇಲ್ಲಿ ಮುಖ್ಯ ಪಾತ್ರಧಾರಿ ಅಲ್ಲ ಅನಿಸುತ್ತದೆ.

ಆಂಟೆನಾದ ಮೇಲೆ ತಪ್ಪು ಹೊರಿಸುವ ಮೊದಲು

ಎರಡು ವಿಷಯ ಪರೀಕ್ಷಿಸಿಕೊಳ್ಳಿ. ಒಂದು, ವಾತಾವರಣದ ವಕ್ರೀಭವನ. ಉಪಗ್ರಹ 10 ಡಿಗ್ರಿ ಎತ್ತರದಲ್ಲಿದ್ದಾಗ ರೇಡಿಯೊ ಕಿರಣ ಸುಮಾರು 0.1 ಡಿಗ್ರಿ ಬಾಗುತ್ತದೆ. ಬೆಳಗಿನ ತೇವಾಂಶ, ತಾಪಮಾನವನ್ನೇ ಮಧ್ಯಾಹ್ನಕ್ಕೂ ಹಾಕಿ ತಿದ್ದುಪಡಿ ಮಾಡುತ್ತಿದ್ದರೆ, ಶೇ. 10ರಷ್ಟು ವ್ಯತ್ಯಾಸವಾದರೂ 0.01 ಡಿಗ್ರಿ ದೋಷ ಅಲ್ಲೇ ಹುಟ್ಟುತ್ತದೆ. ನಿಮ್ಮ ದೋಷದ ಅರ್ಧ! ಡಿಶ್ ಮುಟ್ಟುವ ಮೊದಲು 30 ಡಿಗ್ರಿಗಿಂತ ಮೇಲಿನ ಟ್ರ್ಯಾಕ್‌ಗಳನ್ನು ಮಾತ್ರ ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಿ. ಅಲ್ಲಿಯೂ ಹಗಲು–ರಾತ್ರಿ ವ್ಯತ್ಯಾಸ ಉಳಿದರೆ ಅದು ಕಬ್ಬಿಣದ್ದು.

ಇನ್ನೊಂದು, ಚಿಕ್ಕದಾದರೂ ಪದೇಪದೇ ಕಾಣುವ ಎಡವಟ್ಟು: ಅಜಿಮತ್ ದೋಷವನ್ನು ಎಲಿವೇಷನ್‌ನ ಕೊಸೈನ್‌ನಿಂದ ಗುಣಿಸದೆ ಗ್ರಾಫ್ ಹಾಕುವುದು. ನೆತ್ತಿಯ ಹತ್ತಿರ ಅಜಿಮತ್ ಅಂಕಿ ಭಯಾನಕವಾಗಿ ಕಾಣುತ್ತದೆ, ಆಕಾಶದಲ್ಲಿ ಅದರ ಬೆಲೆ ಏನೂ ಇರುವುದಿಲ್ಲ.

ಅಳೆಯುವುದು ಹೇಗೆ

ಮೆಟ್ಟಿಲು ಮೆಟ್ಟಿಲಾಗಿ ನೆಲದಿಂದ ಮೇಲಕ್ಕೆ ಹೋಗಿ ಎನ್ನುತ್ತೇನೆ. ನೆಲದಿಂದ ಅಜಿಮತ್ ಅಕ್ಷದವರೆಗೆ ಟಿಲ್ಟ್‌ಮೀಟರ್ (ಓರೆ ಅಳೆಯುವ ಸಾಧನ), ಅಲ್ಲಿಂದ ಡಿಶ್‌ನ ಗುಂಬದವರೆಗೆ ನಕ್ಷತ್ರ ನೋಡುವ ದೂರದರ್ಶಕ, ಕೊನೆಯ ಬೀಮ್‌ವರೆಗೆ ರೇಡಾರ್ ತಾನೇ. ಪಕ್ಕಪಕ್ಕದ ಎರಡರ ವ್ಯತ್ಯಾಸ ತೆಗೆದರೆ ಯಾವ ಭಾಗ ಬಾಗಿತು ಎಂಬುದು ತಾನಾಗಿ ಹೊರಬೀಳುತ್ತದೆ.

ಟಿಲ್ಟ್‌ಮೀಟರ್ ಅನ್ನು ತಿರುಗುವ ಭಾಗದಲ್ಲಿ, ಅಜಿಮತ್ ಅಕ್ಷಕ್ಕೆ ಆದಷ್ಟೂ ಹತ್ತಿರ ಕೂರಿಸಿ. ಗಾಳಿಯಿಲ್ಲದ ರಾತ್ರಿ 30 ಡಿಗ್ರಿಗೊಮ್ಮೆ ನಿಲ್ಲಿಸಿ, ಅಲುಗಾಟ ನಿಂತ ಮೇಲೆ ಓದಿ, ಒಂದು ಸುತ್ತು ಮುಂದಕ್ಕೆ, ಒಂದು ಸುತ್ತು ಹಿಂದಕ್ಕೆ. ಬದಲಾಗದ ಅಂಕಿ ಸಾಧನವನ್ನು ಕೂರಿಸಿದ್ದರ ಓರೆ. ಸುತ್ತಿಗೊಮ್ಮೆ ಏರಿಳಿಯುವುದು ಅಕ್ಷದ ಓರೆ. ಸುತ್ತಿಗೆ ಎರಡು ಮೂರು ಸಲ ಏರಿಳಿಯುವುದು ಬೇರಿಂಗ್‌ನದು. ಅದೇ ಕೆಲಸವನ್ನು ಮಧ್ಯಾಹ್ನ ಮಾಡಿ ಹೋಲಿಸಿ ನೋಡಿ. ಅಪಾಯ ಎಲ್ಲಿದೆ ಎಂದರೆ, ಟಿಲ್ಟ್‌ಮೀಟರ್‌ಗೆ ಓರೆಗೂ ವೇಗೋತ್ಕರ್ಷಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಅಕ್ಷದಿಂದ 1 ಮೀಟರ್ ದೂರದಲ್ಲಿಟ್ಟು ಸೆಕೆಂಡಿಗೆ 1 ಡಿಗ್ರಿಯಂತೆ ತಿರುಗಿಸಿದರೂ 6 ಆರ್ಕ್‌ಸೆಕೆಂಡ್‌ನಷ್ಟು ಸುಳ್ಳು ಓರೆ ತೋರಿಸುತ್ತದೆ. ಸೆಕೆಂಡಿಗೆ 10 ಡಿಗ್ರಿಯಾದರೆ ಅದರ ನೂರು ಪಟ್ಟು. ಹಾಗಾಗಿ ಚಲಿಸುವಾಗಿನ ಓದುಗಳನ್ನು ನೇರವಾಗಿ ತಿದ್ದುಪಡಿಗೆ ಹಾಕಬೇಡಿ. ಇನ್ನೊಂದು ತಪ್ಪು ನಾನೇ ಮಾಡಿದ್ದು: ಒಂದು ಕಡೆ ಅಲ್ಯೂಮಿನಿಯಂ ಬ್ರಾಕೆಟ್ ಮೇಲೆ ಸಾಧನ ಕೂರಿಸಿ, ಪೆಡೆಸ್ಟಲ್ ದಿನವೂ ಅಷ್ಟು ಚೆನ್ನಾಗಿ ವಾಲುತ್ತಿದೆಯಲ್ಲ ಎಂದು ಮೂರು ವಾರ ಗ್ರಾಫ್ ಹಾಕಿ ಕೂತಿದ್ದೆ. ವಾಲುತ್ತಿದ್ದದ್ದು ಬ್ರಾಕೆಟ್. ಅಲ್ಯೂಮಿನಿಯಂ ಉಕ್ಕಿನ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ ಎಂದು ಪಾಠ ಹೇಳುತ್ತಿದ್ದವನೂ ನಾನೇ.

ಡಿಶ್‌ನ ಗುಂಬಕ್ಕೆ ಬಿಗಿದ ಚಿಕ್ಕ ದೂರದರ್ಶಕ ಮತ್ತು ಕ್ಯಾಮೆರಾ ಹಳೆಯ ವಿಧಾನ. ನಕ್ಷತ್ರಗಳ ಸ್ಥಾನ ನಮಗೆ ಬೇಕಾದ್ದಕ್ಕಿಂತ ಸಾವಿರಾರು ಪಟ್ಟು ನಿಖರವಾಗಿ ಗೊತ್ತಿದೆ, ಬಾಡಿಗೆಯೂ ಇಲ್ಲ. ಆಕಾಶದ ಎಲ್ಲ ಕಡೆ ಹರಡಿದ ನಲವತ್ತು ಐವತ್ತು ನಕ್ಷತ್ರ ನೋಡಿದರೆ ಎರಡು ಎನ್‌ಕೋಡರ್‌ಗಳ ಶೂನ್ಯ, ಅಕ್ಷದ ಓರೆಯ ಎರಡು ಅಂಕಿ, ಎರಡು ಅಕ್ಷಗಳು ಪರಸ್ಪರ ಲಂಬವಾಗಿಲ್ಲದ್ದು, ದೃಷ್ಟಿರೇಖೆಯ ಓರೆ, ಜಗ್ಗುವಿಕೆ ಎಂಬ ಏಳು ಅಂಕಿಗಳನ್ನು ಬಿಡಿಸಿಕೊಳ್ಳಬಹುದು. ಎತ್ತರದ ನಕ್ಷತ್ರಗಳನ್ನೇ ಆರಿಸಿದರೆ ಅಕ್ಷಗಳ ಓರೆಯೂ ದೃಷ್ಟಿರೇಖೆಯ ಓರೆಯೂ ಒಂದರಲ್ಲೊಂದು ಬೆರೆತುಹೋಗುತ್ತವೆ. 15ರಿಂದ 80 ಡಿಗ್ರಿವರೆಗೆ ಹರಡಿಕೊಳ್ಳಿ. ನಿಮ್ಮ ಡಿಶ್ ನೆತ್ತಿ ದಾಟಿ ಹಿಂದಕ್ಕೆ ಮಗುಚುವಂತಿದ್ದರೆ ಸರ್ವೇಯವರು ಕೋನ ಅಳೆಯುವ ಥಿಯೊಡೊಲೈಟ್‌ನಲ್ಲಿ ಮಾಡುವಂತೆ ಎರಡೂ ಮುಖದಿಂದ ನೋಡಿ, ಅಜಿಮತ್ ಎನ್‌ಕೋಡರ್‌ನ ಶೂನ್ಯವಾದರೂ ಈ ಓರೆಗಳ ಜೊತೆ ಬೆರೆಯುವುದಿಲ್ಲ. ಈ ವಿಧಾನದ ಮಿತಿ ಎರಡು. ಸಾಮಾನ್ಯವಾಗಿ ರಾತ್ರಿಯ ಕೆಲಸ, ನಿಮ್ಮ ಕಾಯಿಲೆ ಹಗಲಿನದು. ಮತ್ತು ದೂರದರ್ಶಕಕ್ಕೆ ಫೀಡ್ ಸರಿದದ್ದು ಕಾಣುವುದೇ ಇಲ್ಲ. ಈ ಎರಡನೇ ಮಿತಿಯೇ ನಮಗೆ ಉಪಕಾರಿ: ದೂರದರ್ಶಕ ಸರಿ ಎಂದು, ರೇಡಾರ್ ತಪ್ಪು ಎಂದು ಹೇಳಿದರೆ ದೋಷ ಗುಂಬದಿಂದ ಆಚೆಗಿದೆ ಎಂದಾಯಿತು.

ಆಗ ಫೀಡ್ ಮೇಲೆ ಕಣ್ಣಿಡಿ. ಗುಂಬದ ನಡುವಿನಿಂದ ಫೀಡ್ ಕಡೆಗೆ ಸಣ್ಣ ಲೇಸರ್ ಕಿರಣ ಬಿಟ್ಟು, ಅಲ್ಲಿ ನಾಲ್ಕು ಭಾಗದ ಡಿಟೆಕ್ಟರ್ ಇಟ್ಟರೆ ಪಕ್ಕಕ್ಕೆ ಸರಿಯುವುದು ಮಿಲಿಮೀಟರ್‌ನ ಸಣ್ಣ ಭಾಗದವರೆಗೆ, ಹಗಲೂ ರಾತ್ರಿ, ಡಿಶ್ ಚಲಿಸುವಾಗಲೂ ಗೊತ್ತಾಗುತ್ತದೆ. ಗ್ರೀನ್ ಬ್ಯಾಂಕ್‌ನ 100 ಮೀಟರ್ ದೂರದರ್ಶಕದಲ್ಲೂ ಫೀಡ್ ತೋಳಿನ ಅಲುಗಾಟ ನೋಡಲು ಇಂಥದ್ದೊಂದನ್ನು ಬಳಸಿದ್ದಾರೆ. ಬಿಸಿ ಗಾಳಿಯಲ್ಲಿ ಕಿರಣ ನಡುಗುತ್ತದೆ, ಒಂದಿಷ್ಟು ಸೆಕೆಂಡುಗಳ ಸರಾಸರಿ ತೆಗೆಯಬೇಕು. ಲೇಸರ್ ಕೂರಿಸಿದ ತಟ್ಟೆಯೇ ಬಾಗಿದರೆ ಬ್ರಾಕೆಟ್ ಕಥೆ ಮರುಕಳಿಸುತ್ತದೆ. ನಿಮ್ಮ ರೇಡಾರ್ ಕಳಿಸುವ ಶಕ್ತಿಯ ನಡುವೆ ಈ ಎಲೆಕ್ಟ್ರಾನಿಕ್ಸ್ ಬದುಕಬೇಕು ಎಂಬುದೂ ಸಣ್ಣ ವಿಷಯವಲ್ಲ; ಡಿಟೆಕ್ಟರ್ ಬದಲು ಫೀಡ್ ಹತ್ತಿರ ಬರೀ ಒಂದು ಪ್ರತಿಫಲಕ ಇಟ್ಟು, ಸೂಕ್ಷ್ಮ ಭಾಗವನ್ನೆಲ್ಲ ಡಿಶ್‌ನ ಹಿಂದೆ ಇಡುವುದು ನನಗೆ ಹೆಚ್ಚು ಹಿಡಿಸುತ್ತದೆ.

ಫೋಟೊಗ್ರಾಮೆಟ್ರಿ, ಅಂದರೆ ಮೇಲ್ಮೈ ತುಂಬ ಹೊಳೆಯುವ ಚುಕ್ಕೆಗಳನ್ನು ಅಂಟಿಸಿ ಹಲವು ಕೋನಗಳಿಂದ ಫೋಟೊ ತೆಗೆದು ಲೆಕ್ಕ ಹಾಕುವುದು, ನಿಮ್ಮ ಗಾತ್ರಕ್ಕೆ ಸುಮಾರು 0.1 ಮಿಮೀ ನಿಖರತೆ ಕೊಡಬಲ್ಲದು. ಡಿಶ್ಶನ್ನು ಬೇರೆ ಬೇರೆ ಎಲಿವೇಷನ್‌ಗಳಲ್ಲಿ ನಿಲ್ಲಿಸಿ ಅಳೆಯಬಹುದು ಎಂಬುದು ಇದರ ದೊಡ್ಡ ಗುಣ. ಲೇಸರ್ ಟ್ರ್ಯಾಕರ್ ಇನ್ನೂ ನಿಖರ, ಆದರೆ ಒಂದೊಂದೇ ಬಿಂದು. ಅಳೆದು ಮುಗಿಯುವ ಹೊತ್ತಿಗೆ ಸೂರ್ಯ ಜಾಗ ಬದಲಿಸಿರುತ್ತಾನೆ. ಲೇಸರ್ ಸ್ಕ್ಯಾನರ್ ನಿಮಿಷಗಳಲ್ಲಿ ಲಕ್ಷಾಂತರ ಬಿಂದು ಕೊಡುತ್ತದೆ, ಆದರೆ ಒಂದೊಂದು ಬಿಂದುವಿನಲ್ಲೂ ಮಿಲಿಮೀಟರ್ ಮಟ್ಟದ ಗೊಂದಲ.

ಇದರಲ್ಲಿ ಯಾವುದನ್ನು ಮಾಡಿಸಿದರೂ ಗುತ್ತಿಗೆ ಬರೆಯುವಾಗ ಒಂದು ಸಾಲು ಸೇರಿಸಿ, ಇಲ್ಲದಿದ್ದರೆ ಇಡೀ ಖರ್ಚು ನೀರುಪಾಲು. ಸರ್ವೇ ತಂಡದವರು ಸಾಮಾನ್ಯವಾಗಿ ಬಿಂದುಗಳ ಮೂಲಕ ಅತ್ಯುತ್ತಮವಾಗಿ ಹೊಂದುವ ಪ್ಯಾರಾಬೊಲಾ ಕೂರಿಸಿ, ಉಳಿದ ಏರುತಗ್ಗಿನ ಸರಾಸರಿಯನ್ನು ವರದಿ ಮಾಡುತ್ತಾರೆ. ಹಾಗೆ ಕೂರಿಸುವಾಗ ಡಿಶ್ ಒಟ್ಟಾರೆ ಎಷ್ಟು ಓರೆಯಾಗಿತ್ತು, ಎಷ್ಟು ಸರಿದಿತ್ತು ಎಂಬುದನ್ನು ಲೆಕ್ಕವೇ ನುಂಗಿಹಾಕುತ್ತದೆ. ನಿಮಗೆ ಬೇಕಾದದ್ದು ಆ ನುಂಗಿದ ಭಾಗ! ಎಲಿವೇಷನ್ ಅಕ್ಷದ ಎರಡೂ ತುದಿಯಲ್ಲಿ, ಫೀಡ್ ಮೇಲೆ, ನಾಲ್ಕೂ ಕಾಲುಗಳ ಮೇಲೆ ಗುರುತು ಅಂಟಿಸಬೇಕು. ಆ ಅಕ್ಷಕ್ಕೆ ಹೋಲಿಸಿ ಪ್ಯಾರಾಬೊಲಾ ಎಷ್ಟು ತಿರುಗಿದೆ, ಎಷ್ಟು ಸರಿದಿದೆ, ನಾಭಿಯಿಂದ ಫೀಡ್ ಎಷ್ಟು ದೂರವಿದೆ ಎಂಬುದನ್ನು ಪ್ರತಿ ಎಲಿವೇಷನ್‌ಗೂ ಕೊಡಬೇಕು ಎಂದು ಬರೆಸಿ. "0.8 ಮಿಮೀ, ಉತ್ತಮವಾಗಿದೆ" ಎಂಬ ಒಂದೇ ಅಂಕಿಯ ವರದಿ ಕೈಗೆ ಬಂದು, ದೋಷ ಮಾತ್ರ ಹಾಗೆಯೇ ಉಳಿದ ಕಡೆಗಳನ್ನು ನಾನು ಕಂಡಿದ್ದೇನೆ.

ಅಳೆಯುವಾಗ ಡಿಶ್ಶನ್ನು ಪಿನ್ ಹಾಕಿ ನಿಲ್ಲಿಸಿದರೆ ಭಾರ ಪಿನ್ ಮೂಲಕ ಇಳಿಯುತ್ತದೆ, ಕೆಲಸ ಮಾಡುವಾಗ ಗೇರ್ ಮೂಲಕ. ಎರಡರ ಬಾಗು ಬೇರೆ. ಆದರೂ ಡಿಶ್ ಮೇಲೆ ಜನ ಇರುವಾಗ ಪಿನ್ ಹಾಕಿರಲೇಬೇಕು, ಟ್ರಾನ್ಸ್‌ಮಿಟರ್‌ನ ಬೀಗದ ಕೈ ಮೇಲೆ ಹತ್ತಿದವರ ಜೇಬಿನಲ್ಲೇ ಇರಬೇಕು. ಪಿನ್ ಇಲ್ಲದ ಅಳತೆ ಬೇಕಿದ್ದರೆ ಜನ ಇಳಿದ ಮೇಲೆ ದೂರದಿಂದ ತೆಗೆಯಿರಿ.

ಮೈಕ್ರೋವೇವ್ ಹೊಲೊಗ್ರಫಿ ಬಗ್ಗೆ ಕೇಳಿರಬಹುದು: ಆಂಟೆನಾದ ಬೀಮ್ ಆಕಾರವನ್ನು ತರಂಗದ ಹಂತದ (ಫೇಸ್) ಸಮೇತ ಅಳೆದು, ಗಣಿತದಿಂದ ಹಿಂದಕ್ಕೆ ಬಂದು ಮೇಲ್ಮೈಯ ಚಿತ್ರ ಬಿಡಿಸುವುದು. ಸೊಗಸಾದ ವಿಧಾನ. ಆದರೆ ಸಾಮಾನ್ಯವಾಗಿ ಭೂಸ್ಥಿರ ಉಪಗ್ರಹದ ಸಂಕೇತ ಬಳಸುವುದರಿಂದ ಒಂದೇ ಎಲಿವೇಷನ್‌ನ ಚಿತ್ರ ಸಿಗುತ್ತದೆ, ಆ ಸಂಕೇತದ ತರಂಗಾಂತರಕ್ಕೆ ಬೇರೆ ಫೀಡ್, ರಿಸೀವರ್ ಬೇಕು, ಜೊತೆಗೊಂದು ಹೋಲಿಕೆಯ ಆಂಟೆನಾ ಬೇಕು. ನಿಮ್ಮ ಸಮಸ್ಯೆಗೆ ಇದು ಅತಿಯಾಯಿತು.

ಸರಿಪಡಿಸುವ ದಾರಿಗಳು

ಅತ್ಯಂತ ಅಗ್ಗದ ಔಷಧ ನೆರಳು. ಕಾಲುಗಳಿಗೆ, ಪೆಡೆಸ್ಟಲ್‌ಗೆ ಶಾಖ ತಡೆಯುವ ಹೊದಿಕೆ, ಬಿಳಿ ಬಣ್ಣ, ಪೆಡೆಸ್ಟಲ್ ಒಳಗೆ ಗಾಳಿ ಕಲಕುವ ಫ್ಯಾನ್. ಸ್ಪೇನ್‌ನ ಐರಾಮ್ 30 ಮೀಟರ್ ದೂರದರ್ಶಕದಲ್ಲಿ ಚೌಕಟ್ಟನ್ನು ಪೂರ್ತಿ ಮುಚ್ಚಿ ಒಳಗಿನ ತಾಪಮಾನವನ್ನು ಸುಮಾರು 1 ಡಿಗ್ರಿ ಒಳಗೆ ಸಮವಾಗಿಡುತ್ತಾರೆ. ನಿಮಗೆ ಅಷ್ಟು ಬೇಡ. ಮುಖದ ಬಣ್ಣ ಮಾತ್ರ ಹೊಳಪಿನದ್ದಾಗಬಾರದು, ಸೂರ್ಯನ ಬೆಳಕು ಫೀಡ್ ಮೇಲೆ ಕೇಂದ್ರೀಕರಿಸಿ ಅದನ್ನೇ ಸುಟ್ಟೀತು. ಹೊದಿಕೆ ಗಾಳಿಗೆ ಪಟವಾಗದಂತೆ, ಒಳಗೆ ನೀರು ನಿಂತು ಉಕ್ಕು ತುಕ್ಕು ಹಿಡಿಯದಂತೆ ನೋಡಿಕೊಳ್ಳಬೇಕು.

ರೇಡೋಮ್ ಕಟ್ಟಿದರೆ ಎಲ್ಲ ಮುಗಿಯುತ್ತದೆ ಎಂಬ ಸಲಹೆಯೂ ಬರಬಹುದು. ಗಾಳಿ, ನೇರ ಬಿಸಿಲು ತಪ್ಪುವುದು ನಿಜ. ಜರ್ಮನಿಯ ಟೀರಾ ರೇಡಾರ್‌ನ 34 ಮೀಟರ್ ಡಿಶ್, ಹೇಸ್ಟ್ಯಾಕ್ ಎರಡೂ ರೇಡೋಮ್ ಒಳಗೇ ಇವೆ. ಆದರೆ ಒಳಗೆ ಬಿಸಿ ಗಾಳಿ ಮೇಲೆ, ತಣ್ಣನೆಯದು ಕೆಳಗೆ ಪದರವಾಗಿ ನಿಂತು ಡಿಶ್‌ನ ತಲೆ ಮತ್ತು ಕಾಲಿನ ನಡುವೆ ಹೊಸ ವ್ಯತ್ಯಾಸ ಹುಟ್ಟುತ್ತದೆ. ರೇಡೋಮ್ ತಾನೂ ಬೀಮನ್ನು ಸ್ವಲ್ಪ ಬಾಗಿಸುತ್ತದೆ. ಒಂದು ಸಮಸ್ಯೆ ಕೊಟ್ಟು ಎರಡು ತಂದಂತೆ.

ನೆರಳಿನ ನಂತರ ಉಳಿದದ್ದನ್ನು ಲೆಕ್ಕದಲ್ಲಿ ತಿದ್ದಿ. ಪ್ರತಿ ಕಾಲಿಗೆ ಒಂದು ತಾಪಮಾನ ಸಂವೇದಕ, ಪೆಡೆಸ್ಟಲ್‌ನ ನಾಲ್ಕು ಮಗ್ಗುಲಿಗೆ, ಆಸರೆ ಚೌಕಟ್ಟಿನ ಮೇಲೆ ಕೆಳಗೆ ಕೆಲವು. ಕಾಲುಗಳ ತಾಪಮಾನದ ವ್ಯತ್ಯಾಸ ಎಷ್ಟು ಡಿಗ್ರಿಗೆ ಬೀಮ್ ಎಷ್ಟು ಸರಿಯಬೇಕು ಎಂಬುದು ಮೇಲೆ ಹಾಕಿದ ಸರಳ ಲೆಕ್ಕದಿಂದಲೇ ಬರುತ್ತದೆ. ಅಳತೆಯಿಂದ ಬಂದ ಅಂಕಿ ಅದಕ್ಕೆ ಹತ್ತಿರವಿದ್ದರೆ ಮಾತ್ರ ನಂಬಿ. ಬರೀ ಸಂಖ್ಯೆಗಳನ್ನು ಕಂಪ್ಯೂಟರ್‌ಗೆ ಸುರಿದು ಹೊಂದಿಸಿದರೆ ಎರಡು ವಾರ ಅದ್ಭುತವಾಗಿ ಹೊಂದಿ, ಋತು ಬದಲಾದಾಗ ದೋಷವನ್ನು ಇನ್ನೂ ಹೆಚ್ಚಿಸುವ ಮಾದರಿ ಸಿಗುತ್ತದೆ. ತಿದ್ದುಪಡಿಗೆ ಒಂದು ಗರಿಷ್ಠ ಮಿತಿ ಹಾಕಿಡಿ, ತಂತಿ ಕಿತ್ತ ಸಂವೇದಕ ಮೈನಸ್ 200 ಡಿಗ್ರಿ ಎಂದು ಕೂಗಿದಾಗ ರೇಡಾರ್ ಅದನ್ನು ನಂಬಬಾರದು.

ಅಕ್ಷದ ಓರೆಯನ್ನು ಜ್ಯಾಕ್ ಹಾಕಿ ಎತ್ತಿ ಸರಿಪಡಿಸಲು ಆತುರಪಡಬೇಡಿ. ಓರೆ ಸ್ಥಿರವಾಗಿದ್ದರೆ ಸಾಫ್ಟ್‌ವೇರ್‌ನಲ್ಲಿ ಎರಡು ಅಂಕಿ ಸಾಕು. ತಿಂಗಳಿನಿಂದ ತಿಂಗಳಿಗೆ ಬೆಳೆಯುತ್ತಿದ್ದರೆ ಅದು ಸಿವಿಲ್ ಎಂಜಿನಿಯರ್ ನೋಡಬೇಕಾದ ಅಡಿಪಾಯದ ಪ್ರಶ್ನೆ, ಅಲ್ಲಿ ನನ್ನಂಥವರ ಮಾತು ನಡೆಯುವುದಿಲ್ಲ.

ಮೇಲಿನವರಿಗೆ ಹೀಗೆ ಹೇಳಿ ನೋಡಿ: ಈ ವಾರ ಇರುವ ಫೈಲ್‌ಗಳಿಂದಲೇ ಎರಡು ಗ್ರಾಫ್, ಈ ತಿಂಗಳು ಟಿಲ್ಟ್‌ಮೀಟರ್ ಮತ್ತು ಸಂವೇದಕಗಳು, ಫೋಟೊಗ್ರಾಮೆಟ್ರಿ ಅದರ ನಂತರ, ಬೇಕಿದ್ದರೆ. ಅವರು ಕೇಳುತ್ತಿರುವ ಪ್ಯಾನೆಲ್ ಕೆಲಸ ನಿಜಕ್ಕೂ ಬೇಕೇ ಎಂದು ತಿಳಿಯಲೂ ಡಿಶ್ ಹತ್ತಬೇಕಿಲ್ಲ. 1965ರಲ್ಲಿ ಹಾರಿಸಿದ ಎಲ್‌ಸಿಎಸ್-1 ಎಂಬ 1.12 ಮೀಟರ್‌ನ ಅಲ್ಯೂಮಿನಿಯಂ ಗೋಳ ರೇಡಾರ್‌ಗಳ ತಕ್ಕಡಿಯಾಗಲೆಂದೇ ಸುಮಾರು 2,800 ಕಿಮೀ ಎತ್ತರದಲ್ಲಿ ಸುತ್ತುತ್ತಿದೆ. ಅದರ ಪ್ರತಿಫಲನ 1 ಚದರ ಮೀಟರ್. ಅಷ್ಟು ದೂರ ನಿಮ್ಮ ರೇಡಾರ್‌ಗೆ ಎಟುಕದಿದ್ದರೆ ಬಲೂನಿಗೆ ಕಟ್ಟಿದ ಗೋಳವೂ ಆದೀತು, ಡಿಶ್‌ನಿಂದ ಕನಿಷ್ಠ 4 ಕಿಮೀ ದೂರವಿರಲಿ. ಟ್ರಾನ್ಸ್‌ಮಿಟರ್ ಶಕ್ತಿ, ರಿಸೀವರ್ ಸೂಕ್ಷ್ಮತೆ ಸರಿಯಿದ್ದೂ ಆ ಗೋಳದ ಮಾರ್ದನಿ ಹದಿನೈದು ವರ್ಷದ ಹಿಂದಿನ ದಾಖಲೆಗಿಂತ ಒಂದೆರಡು ಡೆಸಿಬೆಲ್ ಕಡಿಮೆ ಬಂದರೆ, ಪ್ಯಾನೆಲ್ ಮಾತನ್ನು ಆಗ ಮತ್ತೆ ತೆಗೆಯಬಹುದು.